‘ಬಡಿಗೇರ’ ಮತ್ತು ‘ಷ್ಮಿಟ್ಸ್’: ವೃತ್ತಿಸೂಚಕ ಅಡ್ಡಹೆಸರುಗಳ ಹೋಲಿಕೆಯನ್ನು ಕುರಿತು

‘ಬಡಿಗೇರ’, ‘ಹೂಗಾರ’, ‘ಕಮ್ಮಾರ’ ಮೊದಲಾದ ಅಡ್ಡಹೆಸರುಗಳನ್ನು ಜರ್ಮನ್ನಿನ ‘ಫಿಷರ್’ (ಮೀನುಗಾರ), ‘ಷ್ಮಿಟ್’ (ಕಮ್ಮಾರ) ಎಂಬವುಗಳ ಜೊತೆಯಲ್ಲಿಟ್ಟು, ಎಲ್ಲಕ್ಕೂ ‘ವೃತ್ತಿನಾಮ’ವೆಂಬ ಒಂದೇ ಪಟ್ಟಿ ಕಟ್ಟುವುದು ಸುಲಭ. ಈ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಸಲ್ಲುತ್ತದೆಂಬುದು ನಮ್ಮ ವಾದ.

ಪದರಚನೆಯಲ್ಲಿ ಸಾಮ್ಯವಿರುವುದು ನಿಜ. ‘ಫಿಷರ್’ನ ತದ್ಧಿತ ಪ್ರತ್ಯಯದ ಮೂಲ ಲ್ಯಾಟಿನ್ನಿನ ‘-ಆರಿಯುಸ್’. ‘ಹೂಗಾರ’ದ ‘-ಗಾರ’ದ ಮೂಲ ಸಂಸ್ಕೃತದ ‘-ಕಾರ’. ಎರಡೂ ಭಾಷೆಗಳು ಎರವಲು ಪ್ರತ್ಯಯವನ್ನು ದೇಶ್ಯ ಪ್ರಕೃತಿಗೆ ಹಚ್ಚಿವೆ. ಪ್ರತ್ಯಯವೇ ಇಲ್ಲದ ಹೆಸರುಗಳೂ ಎರಡೂ ಕಡೆ ಉಂಟು. ನಮ್ಮಲ್ಲಿ ‘ಅಂಗಡಿ’; ಅಲ್ಲಿ, 1894ರ ನಿಘಂಟಿನಿಂದ ನಮಗೆಲ್ಲ ಪರಿಚಿತವಾದ ‘ಕಿಟ್ಟೆಲ್’. ಅದು ನಿಲುವಂಗಿಯ ಹೆಸರು. ಹೊಲಿಯುವವನಿಗೋ ತೊಡುವವನಿಗೋ ಅಂಟಿಕೊಂಡದ್ದು.

ತೊಡಕು ಇರುವುದು ‘ಶೆಟ್ಟರ’, ‘ಗೌಡರ’, ‘ಮಡಿವಾಳರ’ ಎಂಬಂಥ ರೂಪಗಳಲ್ಲಿ. ಇಲ್ಲಿನ ‘-ಅರ’ ಬಹುವಚನದ ಷಷ್ಠೀರೂಪ. ‘ಬಡಿಗೇರ’ವನ್ನೂ ನಾವು ‘ಬಡಿಗಿಯವರ’ ಎಂದೇ ಬಿಡಿಸುತ್ತೇವೆ. ಆಡುಮಾತಿನ ‘ಬಡಿಗೇರ ಕಾಳಪ್ಪ’ ಬಡಿಗರ ಮನೆಯ ಕಾಳಪ್ಪ. ಅವನ ಕೈಯಲ್ಲಿ ಉಳಿ ಇರಲೇಬೇಕೆಂದಿಲ್ಲ. ಬರಹದಲ್ಲಿ ಅದು ‘ಕಾಳಪ್ಪ ಬಡಿಗೇರ’ ಎಂದು ತಿರುಗಿದೊಡನೆ ಷಷ್ಠಿಯು ತನ್ನ ವಿಶೇಷ್ಯವನ್ನು ಕಳೆದುಕೊಂಡು, ಕಸುಬುದಾರನನ್ನೇ ಹೇಳುವ ನಾಮಪದದಂತೆ ತೋರುತ್ತದೆ. ಆದ್ದರಿಂದ ಇದಕ್ಕೆ ಸರಿಯಾದ ಜೋಡಿ ರೈನ್ ಸೀಮೆಯ ‘ಷ್ಮಿಟ್ಸ್’. ಅದೂ ಷಷ್ಠಿ, ‘ಕಮ್ಮಾರನ’ ಎಂದರ್ಥ. ಆ ಜೋಡಿಯೂ ಪೂರ್ಣವಲ್ಲ: ಅಲ್ಲಿನ ಏಕವಚನ ಒಬ್ಬ ತಂದೆಯನ್ನು ಸೂಚಿಸಿದರೆ ಇಲ್ಲಿನ ಬಹುವಚನ ಒಂದು ಕುಲವನ್ನೇ ಸೂಚಿಸುತ್ತದೆ. ‘ವೃತ್ತಿನಾಮ’ವೆಂಬ ಸೌಮ್ಯ ಪಾರಿಭಾಷಿಕ ಮರೆಮಾಡುವುದು ಈ ಜಾತಿಸೂಚನೆಯನ್ನೇ. ಷ್ಮಿಟ್ಸ್ ಮನೆಯವರಿಗೆ ಹೆಣ್ಣು ಕೊಡುವಾಗ ಯಾರೂ ಕುಲುಮೆಯನ್ನು ನೆನೆಯುವುದಿಲ್ಲ.

ಈ ಹೆಸರುಗಳ ಹರವಿನ ಪ್ರಶ್ನೆಗೆ ದಾವಣಗೆರೆ–ಹರಿಹರ ಒಳ್ಳೆಯ ಪರೀಕ್ಷಾಸ್ಥಳ. 1956ರವರೆಗೆ ತುಂಗಭದ್ರೆಯ ಈಚೆಗಿನ ಹರಿಹರ ಮೈಸೂರಿಗೆ ಸೇರಿತ್ತು. ಆಚೆಗಿನ ರಾಣೆಬೆನ್ನೂರು ಮುಂಬಯಿ ಆಡಳಿತಕ್ಕೆ. ಆಚೆ ಅಡ್ಡಹೆಸರು ದಾಖಲೆಯಲ್ಲಿ ಕೊನೆಗೆ ನಿಂತಿತು. ಈಚೆ ಊರಿನ, ತಂದೆಯ ಹೆಸರುಗಳು ಮೊದಲಕ್ಷರಗಳಾಗಿ ಮುಂದೆ ಬಂದವು. ದಾವಣಗೆರೆಯ ವಿದ್ಯಾನಗರದಂಥ ಬಡಾವಣೆಯಲ್ಲಿ ಎರಡೂ ರೂಢಿಗಳು ಅಕ್ಕಪಕ್ಕದಲ್ಲೇ ಎದುರಾಗುತ್ತವೆ. ಮತದಾರರ ಪಟ್ಟಿಯಿಂದ ‘ಬಡಿಗೇರ’ರನ್ನು ಹೆಕ್ಕಿ ನಕ್ಷೆ ಬರೆಯುವ ಸಂಶೋಧಕರಿಗೆ ಸಿಕ್ಕುವುದು ಮರಗೆಲಸದ ಹರವಿಗಿಂತ ಹೆಚ್ಚಾಗಿ ಹಳೆಯ ಆಡಳಿತದ ಗಡಿ. ಅದೇ ಕಸುಬಿನ ದಕ್ಷಿಣದ ಮನೆಗಳು ‘ಕಾಳಾಚಾರ್’ ಎಂದು ವ್ಯಕ್ತಿನಾಮದೊಳಗೇ ಕುಲವನ್ನು ಹೊತ್ತುಕೊಂಡು, ಅಂಥ ಎಣಿಕೆಯಿಂದ ಹೊರಗುಳಿಯುತ್ತವೆ.