ರಂಗದ ಕೆಳಗೆ ಕುಳಿತವರ ಸಿನಿಮಾ

ಚೆನ್ ಕೈಗೆ ನಿರ್ದೇಶನದ ‘ಫೇರ್‌ವೆಲ್ ಮೈ ಕಾಂಕ್ಯುಬೈನ್’ ಚಿತ್ರದಲ್ಲಿ ಯುವಾನ್ ಶಿಚಿಂಗ್ ಎಂಬ ಶ್ರೀಮಂತ ರಸಿಕನೊಬ್ಬನಿದ್ದಾನೆ. ಆಟ ಮುಗಿದ ಮೇಲೆ ಬಣ್ಣದ ಮನೆಗೆ ಬಂದು ರಾಜವೇಷದ ನಟನ ಮುಂದೆ ತಕರಾರು ತೆಗೆಯುತ್ತಾನೆ. ಚು ದೇಶದ ದೊರೆ ಪಾಳೆಯಕ್ಕೆ ಮರಳುವಾಗ ಏಳು ಹೆಜ್ಜೆ ಹಾಕಬೇಕಿತ್ತು, ನೀನು ಹಾಕಿದ್ದು ಐದೇ. ನಟ ಅದನ್ನು ನಕ್ಕು ತಳ್ಳಿಹಾಕುತ್ತಾನೆ. ವರ್ಷಗಳು ಉರುಳುತ್ತವೆ. ಜೊತೆಗಾರ ಜೈಲು ಸೇರಿದಾಗ ಅದೇ ನಟ ಅದೇ ರಸಿಕನ ಮನೆಬಾಗಿಲಲ್ಲಿ ನಿಂತು ಸಹಾಯ ಬೇಡಬೇಕಾಗುತ್ತದೆ. ಆಗಲೂ ಯುವಾನ್ ಕೇಳುವುದು ಅದೊಂದೇ: ಎಷ್ಟು ಹೆಜ್ಜೆ? ಏಳು ಎಂದು ಒಪ್ಪಿಕೊಳ್ಳದೆ ನಟನಿಗೆ ಬೇರೆ ದಾರಿಯಿಲ್ಲ.

ಈ ಚಿತ್ರದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಇಬ್ಬರು ನಟರ ಕಥೆಯಿಂದ ಶುರು ಮಾಡುತ್ತಾರೆ. ನನಗೆ ಯುವಾನನೇ ಬಾಗಿಲು. ಚಿತ್ರದ ತುಂಬ ನೋಡುಗರಿದ್ದಾರೆ. 1924ರಿಂದ 1977ರವರೆಗಿನ ಚೀನಾದ ಚರಿತ್ರೆಯನ್ನು ಚೆನ್ ಕೈಗೆ ಹೇಳುವುದು ರಂಗದ ಕೆಳಗೆ ಯಾರು ಕುಳಿತಿದ್ದಾರೆ, ಹೇಗೆ ಕುಳಿತಿದ್ದಾರೆ ಎಂಬುದರ ಮೂಲಕ. ಲೋಕದ ಪ್ರೇಕ್ಷಕರು ಈ ಚಿತ್ರಕ್ಕೆ ತೋರಿದ ಪ್ರತಿಕ್ರಿಯೆಗಳನ್ನು ಓದುತ್ತ ಹೋದರೆ, ಅವರೆಲ್ಲ ಆಗಲೇ ಚಿತ್ರದೊಳಗೆ ಬಂದು ಕುಳಿತಿದ್ದಾರೆ ಅನ್ನಿಸುತ್ತದೆ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಪೀಕಿಂಗ್ ಒಪೆರಾ ಕಲಿಸುವ ಒಂದು ಕ್ರೂರ ಗುರುಮನೆಯಲ್ಲಿ ಇಬ್ಬರು ಹುಡುಗರು ಬೆಳೆಯುತ್ತಾರೆ. ದಿಯೆಯಿ ಸ್ತ್ರೀಪಾತ್ರಕ್ಕೆ, ಶಿಯಾವ್‌ಲೌ ರಾಜಪಾತ್ರಕ್ಕೆ. ಸೋತ ದೊರೆ ಶಿಯಾಂಗ್ ಯು ಮತ್ತು ಅವನಿಗಾಗಿ ಕತ್ತಿಯಿಂದ ಕೊರಳು ಕೊಯ್ದುಕೊಳ್ಳುವ ಉಪಪತ್ನಿ ಯು ಜಿ, ಇದು ಅವರ ಹೆಸರಾಂತ ಪ್ರಸಂಗ. ದಿಯೆಯಿಗೆ ರಂಗದ ಪ್ರೀತಿಯೂ ಬದುಕಿನ ಪ್ರೀತಿಯೂ ಒಂದೇ. ಶಿಯಾವ್‌ಲೌಗೆ ಹಾಗಲ್ಲ, ಅವನು ಜುಶಿಯಾನ್ ಎಂಬ ವೇಶ್ಯೆಯನ್ನು ಮದುವೆಯಾಗುತ್ತಾನೆ.

ಗುರುಮನೆಯ ಹೊಡೆತ ತಾಳದೆ ದಿಯೆಯಿ ಇನ್ನೊಬ್ಬ ಹುಡುಗನೊಂದಿಗೆ ಓಡಿಹೋಗುತ್ತಾನೆ. ಇಬ್ಬರೂ ಒಂದು ನಾಟಕಶಾಲೆಗೆ ನುಗ್ಗಿ ದೊಡ್ಡ ನಟನೊಬ್ಬನ ಆಟ ನೋಡುತ್ತಾರೆ. ಜೊತೆಗಿದ್ದ ಹುಡುಗ ಅಳುತ್ತ ಕೇಳುತ್ತಾನೆ, ಹೀಗಾಗಲು ಇವನು ಎಷ್ಟು ಹೊಡೆತ ತಿಂದಿರಬೇಕು ಎಂದು. ಇಬ್ಬರೂ ಹೊಡೆತಕ್ಕೇ ಮರಳುತ್ತಾರೆ. ನಟರಾಗುವ ಮೊದಲು ಅವರು ನೋಡುಗರು. ನೋಡಿದ್ದೇ ಅವರನ್ನು ಕಟ್ಟಿಹಾಕಿತು. ಇಡೀ ಚಿತ್ರದಲ್ಲಿ ನನ್ನನ್ನು ಅತಿಹೆಚ್ಚು ಕಾಡುವ ದೃಶ್ಯ ಇದು.

ಅಲ್ಲಿಂದಾಚೆಗೆ ಒಂದೊಂದು ಕಾಲದ ಸಭಿಕರು ಬರುತ್ತಾರೆ. ಮುದಿ ನಪುಂಸಕ ಅಧಿಕಾರಿಯೊಬ್ಬ ಬಾಲಕ ದಿಯೆಯಿಯ ಆಟ ಮೆಚ್ಚಿ ಅವನನ್ನು ತನ್ನ ಕೋಣೆಗೆ ಕರೆಸಿಕೊಳ್ಳುತ್ತಾನೆ. ಹುಡುಗ ಅಲ್ಲಿಂದ ಹೊರಬರುವುದು ಅತ್ಯಾಚಾರಕ್ಕೆ ಒಳಗಾಗಿ. ಜಪಾನಿನ ಸೇನೆ ನಗರಕ್ಕೆ ಬಂದಾಗ ಅದರ ಅಧಿಕಾರಿ ಆವೊಕಿ ಶಿಸ್ತಿನಿಂದ ಕುಳಿತು ನೋಡುತ್ತಾನೆ. ಮೇಲಿನಿಂದ ಜಪಾನ್ ವಿರೋಧಿ ಕರಪತ್ರಗಳು ಸುರಿಯುತ್ತವೆ, ದೀಪ ಆರುತ್ತದೆ, ದಿಯೆಯಿ ಕತ್ತಲಲ್ಲೂ ತಿರುಗುತ್ತಲೇ ಇರುತ್ತಾನೆ. ಯುದ್ಧ ಮುಗಿದ ಮೇಲೆ ಬರುವ ರಾಷ್ಟ್ರೀಯ ಪಕ್ಷದ ಸೈನಿಕರು ನಟನ ಮುಖಕ್ಕೆ ಟಾರ್ಚ್ ಬಿಟ್ಟು ಗೇಲಿ ಮಾಡುತ್ತಾರೆ. ಕಮ್ಯುನಿಸ್ಟ್ ಸೈನಿಕರ ಮುಂದೆ ಹಾಡುವಾಗ ದಿಯೆಯಿಯ ಕಂಠ ಒಡೆಯುತ್ತದೆ. ಸಾಲಾಗಿ ಕುಳಿತ ಅವರು ಅದಕ್ಕೂ ಚಪ್ಪಾಳೆ ತಟ್ಟಿ, ತಮ್ಮ ಸೇನಾಗೀತೆ ಹಾಡುತ್ತಾರೆ. ಗೇಲಿಗಿಂತ ಈ ಚಪ್ಪಾಳೆ ಭೀಕರ. ಕಂಠ ಒಡೆದದ್ದನ್ನು ಗುರುತಿಸುವ ಕಿವಿಯೇ ಇಲ್ಲದ ಸಭೆ ಅದು. ಏಳು ಹೆಜ್ಜೆ ಎಣಿಸುತ್ತಿದ್ದ ಯುವಾನ್‌ನನ್ನು ಹೊಸ ಸರ್ಕಾರ ಜನರ ಮುಂದೆ ನಿಲ್ಲಿಸಿ ಮರಣದಂಡನೆ ವಿಧಿಸುತ್ತದೆ. ಕೊನೆಗೆ ಸಾಂಸ್ಕೃತಿಕ ಕ್ರಾಂತಿ. ಬೆಂಕಿಯ ಸುತ್ತ ನೆರೆದ ಜನಸ್ತೋಮದ ಎದುರು, ಬೆವರಿಗೆ ಇಳಿದ ಬಣ್ಣ ಹೊತ್ತು, ಇಬ್ಬರು ನಟರೂ ಒಬ್ಬರ ಗುಟ್ಟನ್ನು ಇನ್ನೊಬ್ಬರು ಕೂಗಿ ಹೇಳುತ್ತಾರೆ. ಅವರು ಬದುಕಿನಲ್ಲಿ ಕಂಡ ಅತ್ಯಂತ ಉತ್ಕಟ ಸಭೆ ಅದೇ.

ಈಗ ಚಿತ್ರದ ಹೊರಗಿನ ನೋಡುಗರಿಗೆ ಬರೋಣ. 1993ರ ಕಾನ್ ಉತ್ಸವದಲ್ಲಿ ಲೂಯಿ ಮಾಲ್ ಅಧ್ಯಕ್ಷತೆಯ ತೀರ್ಪುಗಾರರು ಇದಕ್ಕೆ ಜೇನ್ ಕ್ಯಾಂಪಿಯನ್ ಅವರ ‘ದಿ ಪಿಯಾನೊ’ ಜೊತೆ ಪಾಮ್ ದೋರ್ ಹಂಚಿದರು. ಚೀನೀ ಭಾಷೆಯ ಚಿತ್ರವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅಮೆರಿಕದ ವಿತರಕರು 171 ನಿಮಿಷಗಳ ಚಿತ್ರವನ್ನು 157ಕ್ಕೆ ಇಳಿಸಿದರು. ಅರ್ಥ ಕಳೆದುಕೊಂಡ ಚಿತ್ರ ಚಿಕ್ಕದಾಗಿಯೂ ಇನ್ನಷ್ಟು ದೀರ್ಘವೆನಿಸುತ್ತದೆ ಎಂದು ಮಾಲ್ ನೊಂದು ಹೇಳಿದರು. ಅವರ ಮಾತು ನಿಜ. ಒಪೆರಾದ ಲಯಕ್ಕೆ ಕಟ್ಟಿದ ಚಿತ್ರ ಇದು. ನಿಧಾನವೆನಿಸುವ ಕಡೆಯೇ ಅದರ ಉಸಿರು. ಇಡೀ 171 ನಿಮಿಷಗಳ ಪ್ರತಿ ಹೊಸದಾಗಿ ಸಂಸ್ಕರಣಗೊಂಡು 2023ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ನೋಡುವವರು ಅದನ್ನೇ ಹುಡುಕಿ ನೋಡಬೇಕು.

ತಾಯ್ನಾಡಿನಲ್ಲಿ ಚಿತ್ರ ತೆರೆಗೆ ಬಂದ ಬೆನ್ನಿಗೇ ನಿಷೇಧವಾಯಿತು, ಆಮೇಲೆ ಕತ್ತರಿ ಪ್ರಯೋಗದೊಂದಿಗೆ ಮರಳಿತು. ಸಲಿಂಗ ಪ್ರೇಮ, ಸಾಂಸ್ಕೃತಿಕ ಕ್ರಾಂತಿಯ ಚಿತ್ರಣ, ಅದು ಮುಗಿದ ಮೇಲೆ ನಡೆಯುವ ದಿಯೆಯಿಯ ಆತ್ಮಹತ್ಯೆ, ಇವು ಅಧಿಕಾರದ ಕಣ್ಣು ಚುಚ್ಚಿದ್ದವು. ಕೆಲವು ಚೀನೀ ವಿಮರ್ಶಕರ ಆಕ್ಷೇಪ ಬೇರೆ. ಒಪೆರಾದ ಬಣ್ಣ, ಅಫೀಮು, ಕ್ರೌರ್ಯ ಎಲ್ಲವನ್ನೂ ಪಶ್ಚಿಮದವರ ಕಣ್ಣಿಗೆ ಒಪ್ಪುವಂತೆ ಜೋಡಿಸಿಟ್ಟ ಚಿತ್ರವಿದು ಎಂದು ಅವರು ದೂರಿದರು. ಆಕ್ಷೇಪ ಪೂರ್ತಿ ಸುಳ್ಳಲ್ಲ. ಗು ಚಾಂಗ್‌ವೇ ಅವರ ಛಾಯಾಗ್ರಹಣ ಎಷ್ಟು ಮೋಹಕವೆಂದರೆ, ಗುರುಮನೆಯ ಹೊಡೆತಗಳೂ ಹೊಂಬೆಳಕಿನಲ್ಲಿ ಮೀಯುತ್ತವೆ. ಆದರೆ ಅದೇ ದೇಶದ ಪ್ರೇಕ್ಷಕರು ಇಂದು ದೌಬಾನ್ ಜಾಲತಾಣದ ಪಟ್ಟಿಯಲ್ಲಿ ಇದಕ್ಕೆ 10ಕ್ಕೆ 9.6 ಅಂಕ ಕೊಟ್ಟು, ತಮ್ಮ ಭಾಷೆಯ ಚಿತ್ರಗಳ ಸಾಲಿನಲ್ಲಿ ತುದಿಗೆ ಕೂರಿಸಿದ್ದಾರೆ. ಹೊರಗಿನವರಿಗಾಗಿ ಮಾಡಿದ ಸಿನಿಮಾ ಒಳಗಿನವರ ಎದೆಗೆ ಹೀಗೆ ಇಳಿಯುವುದಿಲ್ಲ.

ಆ ಬೆಂಕಿಯ ದೃಶ್ಯ ತೀರಾ ನಾಟಕೀಯವಾಯಿತು ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. ಚೆನ್ ಕೈಗೆ ಹುಟ್ಟಿದ್ದು 1952ರಲ್ಲಿ. ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಅವರಿನ್ನೂ ಹುಡುಗ. ಸಿನಿಮಾ ನಿರ್ದೇಶಕರಾಗಿದ್ದ ತಂದೆ ಚೆನ್ ಹುವಾಯ್‌ಕಾಯ್ ಅವರನ್ನು ಜನರೆದುರು ಖಂಡಿಸಿ ಮಾತಾಡಿದ್ದರು. ಒಪೆರಾ ಚಿತ್ರಗಳನ್ನು ಮಾಡಿ ಹೆಸರಾಗಿದ್ದ ಅದೇ ತಂದೆ, ಮಗನ ಈ ಚಿತ್ರಕ್ಕೆ ಕಲಾ ಮಾರ್ಗದರ್ಶಕರಾಗಿ ದುಡಿದರು. ಒಬ್ಬ ಮಗ ತನ್ನ ದ್ರೋಹದ ಕಥೆಯನ್ನು ತಂದೆಯ ಕೈ ಹಿಡಿದುಕೊಂಡೇ ಹೇಳಿದ್ದಾನೆ. ಆ ದೃಶ್ಯದಲ್ಲಿ ಕ್ಯಾಮೆರಾ ಯಾರನ್ನೂ ಖಳನನ್ನಾಗಿಸದೆ ಸುತ್ತುವುದು ಇದರಿಂದಲೇ ಎಂದು ನನ್ನ ನಂಬಿಕೆ.

ಶಿಯಾಂಗ್ ಯು–ಯು ಜಿ ಪ್ರಸಂಗವನ್ನು ಇಂದಿನ ರೂಪದಲ್ಲಿ ಪ್ರಸಿದ್ಧಗೊಳಿಸಿದವರು ಸ್ತ್ರೀವೇಷದ ಒಪೆರಾ ನಟ ಮೇ ಲಾನ್‌ಫಾಂಗ್. ಸಹನಟ ಯಾಂಗ್ ಶಿಯಾವ್‌ಲೌ ಜೊತೆ 1922ರಲ್ಲಿ. ಜಪಾನೀಯರ ಆಳ್ವಿಕೆಯಲ್ಲಿ ಮೇ ಮೀಸೆ ಬೆಳೆಸಿ ಸ್ತ್ರೀವೇಷ ಕಟ್ಟುವುದನ್ನೇ ನಿಲ್ಲಿಸಿದರು. ಚಿತ್ರದ ದಿಯೆಯಿ ಮಾತ್ರ ಬಂಧನದಲ್ಲಿದ್ದ ಗೆಳೆಯನನ್ನು ಬಿಡಿಸಲು ಜಪಾನೀಯರ ಮುಂದೆ ಹಾಡುತ್ತಾನೆ. ಅದಕ್ಕೂ ಮೊದಲು, 1935ರಲ್ಲಿ, ಮಾಸ್ಕೋದಲ್ಲಿ ಮೇ ಅವರನ್ನು ಕಂಡ ಜರ್ಮನ್ ನಾಟಕಕಾರ ಬ್ರೆಕ್ಟ್, ಚೀನೀ ನಟ ಪಾತ್ರದಿಂದ ದೂರ ನಿಂತು ಅದನ್ನು ತೋರಿಸುವ ಬಗೆಗೆ ಬೆರಗಾಗಿ ಬರೆದಿದ್ದರು. ದಿಯೆಯಿಗೆ ಆ ದೂರವೇ ಇಲ್ಲ, ದುರಂತ ಇರುವುದು ಅಲ್ಲೇ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ಕರಾವಳಿಯ ನೋಡುಗರಿಗೆ ಇದು ಬೇಗ ತಟ್ಟುತ್ತದೆ. ರಾತ್ರಿಯಿಡೀ ದ್ರೌಪದಿಯಾಗಿದ್ದವರು ಬೆಳಿಗ್ಗೆ ಚೌಕಿಯಲ್ಲಿ ಬಣ್ಣ ತೆಗೆದು ಬೀಡಿ ಹಚ್ಚುವುದನ್ನು ಅವರು ಕಂಡಿರುತ್ತಾರೆ. ಆ ಸಲೀಸು ದಾಟುವಿಕೆ ದಿಯೆಯಿಗೆ ದಕ್ಕಲಿಲ್ಲ.

ಸಲಿಂಗಿ ನೋಡುಗರ ಒಂದು ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ತಾಯಿ ಕತ್ತರಿಸಿದ ಆರನೆಯ ಬೆರಳು, ತಾನು ಹೆಣ್ಣೆಂದು ಹಾಡದಿದ್ದಾಗ ಬಾಯಿಗೆ ತುರುಕಿದ ಪೈಪು, ಹೀಗೆ ಹಿಂಸೆಯ ಮೇಲೆ ಹಿಂಸೆ ಪೇರಿಸಿ, ದಿಯೆಯಿಯ ಪ್ರೇಮ ಗಾಯದಿಂದ ಹುಟ್ಟಿದ್ದು ಎಂಬಂತೆ ಚಿತ್ರ ಹೇಳುತ್ತದೆ. ಆ ಪ್ರೇಮಕ್ಕೆ ಕಾರಣ ಬೇಕೇ? ಚಿತ್ರಕಥೆಯಲ್ಲಿ ಇದಕ್ಕೆ ಉತ್ತರವಿಲ್ಲ. ದಿಯೆಯಿ ಪಾತ್ರದ ಲೆಸ್ಲಿ ಚೆಯುಂಗ್ ಅಭಿನಯದಲ್ಲಿದೆ. ಹಾಂಗ್‌ಕಾಂಗ್‌ನ ಪಾಪ್ ಗಾಯಕ, ಮಾತೃಭಾಷೆ ಕ್ಯಾಂಟೊನೀಸ್. ಬೀಜಿಂಗ್‌ಗೆ ಹೋಗಿ ತಿಂಗಳುಗಟ್ಟಲೆ ಒಪೆರಾದ ಕೈಮುದ್ರೆ, ನಡಿಗೆ ಕಲಿತ ಅವರ ಕಣ್ಣಲ್ಲಿ ಗಾಯಕ್ಕಿಂತ ಮೊದಲೇ ಒಂದು ಹಂಬಲವಿದೆ. 2003ರ ಏಪ್ರಿಲ್ 1ರಂದು ಅವರು ತೀರಿಕೊಂಡ ಮೇಲೆ ಬಹಳ ಜನ ಈ ಪಾತ್ರವನ್ನು ಅವರ ಸಾವಿನ ಮುನ್ಸೂಚನೆಯಂತೆ ನೋಡತೊಡಗಿದರು. ಆ ದುಃಖ ಅರ್ಥವಾಗುತ್ತದೆ. ಆದರೂ ನನಗೆ ಅದು ಒಪ್ಪಿಗೆಯಿಲ್ಲ. ಖಿನ್ನತೆಯಿಂದ ಬಳಲಿದ ಒಬ್ಬ ಮನುಷ್ಯನ ಅಂತ್ಯವನ್ನು, ದುಡಿದು ಕಟ್ಟಿದ ಕಲೆಯ ಜೊತೆ ಗಂಟುಹಾಕಿದರೆ ಎರಡಕ್ಕೂ ಅನ್ಯಾಯ. ಲಿಲಿಯನ್ ಲೀ ಅವರ ಮೂಲ ಕಾದಂಬರಿಯಲ್ಲಿ ದಿಯೆಯಿ ಸಾಯುವುದಿಲ್ಲ ಎಂಬುದನ್ನೂ ನೆನೆಯಬೇಕು.

ಇಷ್ಟೆಲ್ಲ ಚರ್ಚೆಯಲ್ಲಿ ಬದಿಗೆ ಸರಿಯುವವಳು ಜುಶಿಯಾನ್. ಇಬ್ಬರ ನಡುವೆ ಬಂದವಳು ಎಂದು ಅವಳನ್ನು ಕಂಡು ಸಿಡುಕುವ ನೋಡುಗರೇ ಹೆಚ್ಚು. ಆದರೆ ಈ ಚಿತ್ರದಲ್ಲಿ ಒಪೆರಾದ ಮೋಹವಿಲ್ಲದೆ ಈ ಇಬ್ಬರನ್ನೂ ನೋಡಬಲ್ಲವಳು ಅವಳೊಬ್ಬಳೇ. ಅಫೀಮು ಬಿಡುವಾಗ ನಡುಗುವ ದಿಯೆಯಿಯನ್ನು ಮಗುವಿನಂತೆ ಅಪ್ಪಿಕೊಳ್ಳುವವಳು ಅವಳು. ಬೆಂಕಿಗೆ ಎಸೆದ ಕತ್ತಿಯನ್ನು ಎತ್ತಿಕೊಂಡು ಬಂದು ಅವನಿಗೆ ಒಪ್ಪಿಸುವವಳೂ ಅವಳೇ. ಆ ಹೊತ್ತಿಗೆ ಅವನು ಅವಳ ಹಿಂದಿನ ಬದುಕನ್ನು ಜನರೆದುರು ಹರಾಜು ಹಾಕಿಯಾಗಿದೆ, ಅವಳನ್ನು ಪ್ರೀತಿಸುವುದಿಲ್ಲ ಎಂದು ಗಂಡನೂ ಕೂಗಿಯಾಗಿದೆ. ಕತ್ತಿ ಕೊಟ್ಟು ತಿರುಗಿ ಹೋಗುವಾಗ ಜುಶಿಯಾನ್ ಪಾತ್ರದ ಗೊಂಗ್ ಲೀ ಒಮ್ಮೆ ದಿಯೆಯಿಯ ಕಡೆ ನೋಡುತ್ತಾರೆ. ಏನನ್ನೋ ಹೇಳಹೊರಟು ಬಿಟ್ಟುಬಿಟ್ಟ ನೋಟ. ನ್ಯೂಯಾರ್ಕ್‌ನ ವಿಮರ್ಶಕರು ಆ ವರ್ಷದ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿಯನ್ನು ಅವರಿಗೆ ಕೊಟ್ಟರು. ಪೋಷಕ ಎಂಬ ವರ್ಗೀಕರಣವನ್ನು ನಾನು ಒಪ್ಪಲಾರೆ. ಚಿತ್ರದ ಕೊನೆಯ ಮೂರನೆಯ ಒಂದು ಭಾಗ ನಿಂತಿರುವುದು ಆಕೆಯ ಹೆಗಲ ಮೇಲೆ.