ಹಲಗಲಿಯ ಲಾವಣಿ ಕೇಳುವ ಬಗೆ

ಮಿಶಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿದ್ದುಕೊಂಡೇ ಲಾವಣಿಯ ರುಚಿ ಹತ್ತಬೇಕೆನ್ನುವವರು ‘ಹಲಗಲಿಯ ಬೇಡರು’ ಲಾವಣಿಯಿಂದ ಶುರುಮಾಡಿ. ಕೆಲವರು ಇದನ್ನು ಹತ್ತನೆಯ ತರಗತಿಯಲ್ಲಿ ಪರೀಕ್ಷೆಗೆಂದು ಓದಿರುತ್ತೀರಿ. ಈಗ ಕಿವಿಗೆಂದು ಓದಿ.

1857ರಲ್ಲಿ ಕಂಪನಿ ಸರ್ಕಾರ ಜನರ ಹತಾರಗಳನ್ನು ಕಸಿಯುವ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಹತಾರವೇ ಅನ್ನ, ಹತಾರವೇ ಮಾನ. ಕೊಡೆವೆಂದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿತು.

ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲೂ 1746ರಲ್ಲಿ ಇಂಥದೇ ನಡೆಯಿತು. ಸ್ಟುವರ್ಟ್ ವಂಶಕ್ಕಾಗಿ ಕಾದಿದ ಜಾಕೋಬೈಟರು ಕಲೋಡನ್ನಿನಲ್ಲಿ ಸೋತ ಮೇಲೆ ಆಯುಧಕ್ಕೂ ಬೆಟ್ಟದವರ ಉಡುಪಿಗೂ ನಿಷೇಧ ಬಿತ್ತು. ಗೇಲಿಕ್ ಹಾಡು ಆ ಸೋಲನ್ನು ಹೊತ್ತುಕೊಂಡಿತು. ಆ ಕಾಲದ ನೆನಪುಗಳನ್ನು ಹತ್ತು ಹಸ್ತಪ್ರತಿ ಸಂಪುಟಗಳಲ್ಲಿ ಕೂಡಿಟ್ಟ ಪಾದ್ರಿ ರಾಬರ್ಟ್ ಫೋರ್ಬ್ಸ್ ಸೋತವರ ಕಡೆಯವನು. ನಮ್ಮ ಲಾವಣಿಗಳನ್ನು ಸಂಗ್ರಹಿಸಿದ ಜೆ. ಎಫ್. ಫ್ಲೀಟ್ ಗೆದ್ದವರ ಅಧಿಕಾರಿ. ತನ್ನ ಸರ್ಕಾರಕ್ಕೇ ತಿರುಗಿಬಿದ್ದವರ ಹಾಡನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಮಾಡಿಸಿದ, ಆ ಋಣ ನಮ್ಮ ಮೇಲಿದೆ. ಹಳೆಯ ಸಂಪುಟಗಳು ನಿಮಗೆ ದೂರವೇನಲ್ಲ: ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ನೆಲೆಯಿರುವ ಹಾಥಿಟ್ರಸ್ಟ್ ಡಿಜಿಟಲ್ ಗ್ರಂಥಾಲಯದಲ್ಲಿ ಸಿಗುತ್ತವೆ.

ಆದರೆ ಕಾಗದದ ಮೇಲೆ ದಪ್ಪಿನ ಪೆಟ್ಟಿಲ್ಲ, ತುಂತುಣಿಯ ನಾದವಿಲ್ಲ, ಹಿಮ್ಮೇಳದವರ ‘ಗೀಯ ಗೀಯ’ ಇಲ್ಲ. ಅದಕ್ಕೇ ಮೊದಲು ಯಾವುದಾದರೂ ಗೀಗೀ ಮೇಳದ ಧ್ವನಿಮುದ್ರಿಕೆ ಕೇಳಿ. ಪಲ್ಲ, ಅಂದರೆ ಪಲ್ಲವಿ, ಎಲ್ಲಿ ಮರಳುತ್ತದೆ, ಏರು ಬಂದಾಗ ಹಾಡುಗಾರನ ಉಸಿರು ಹೇಗೆ ಬಿಗಿಯುತ್ತದೆ, ಗಮನಿಸಿ. ಆಮೇಲೆ ಹಲಗಲಿಯ ಪದವನ್ನು ಗಟ್ಟಿಯಾಗಿ ಓದಿ. ‘ಬೆಣ್ಣಿ’, ‘ಜೀರಗಿ’ಗಳನ್ನು ಗ್ರಾಂಥಿಕಕ್ಕೆ ತಿದ್ದಬೇಡಿ, ಪ್ರಾಸ ಸತ್ತುಹೋಗುತ್ತದೆ.

ನಾನು ಪ್ರತಿಸಲ ನಿಲ್ಲುವುದು ಲೂಟಿಯ ಪಟ್ಟಿಯಲ್ಲಿ. ಹೊಸಬರು ಇದನ್ನು ಹಾರಿಸಿ ಕಾಳಗಕ್ಕೆ ಓಡುತ್ತಾರೆ. ಹಾರಿಸಬೇಡಿ. ದಂಡಿನವರು ಒಯ್ದದ್ದು ಹೊನ್ನಷ್ಟೇ ಅಲ್ಲ: ಕೊಡಲಿ, ಕುಡ, ಹಾಲು, ಉಪ್ಪು, ಅರಿಸಿನ, ಬೆಲ್ಲ, ಉಣ್ಣುವ ಗಂಗಾಳ. ಸರ್ಕಾರದ ವರದಿ ಸತ್ತವರನ್ನೂ ಸೆರೆಸಿಕ್ಕವರನ್ನೂ ಎಣಿಸೀತು. ಲಾವಣಿಕಾರ ಅಡುಗೆಮನೆಯನ್ನು ಎಣಿಸುತ್ತಾನೆ. ವಿಶೇಷಣ ಹಚ್ಚದೆ, ಅಳದೆ, ಒಂದರ ಮೇಲೊಂದು ಹೆಸರು ಹೇಳುತ್ತಾ ಹೋಗುತ್ತಾನೆ. ಒಂದು ಊರು ಅಳಿಯುವುದೆಂದರೇನು ಎಂದು ಇಷ್ಟು ನೇರವಾಗಿ ಹೇಳಿದ ಹಾಡು ಕನ್ನಡದಲ್ಲಿ ನನಗೆ ಮತ್ತೊಂದು ಸಿಕ್ಕಿಲ್ಲ. ಇಲ್ಲಿ ಓದಿನ ವೇಗ ಹೆಚ್ಚಿಸಿ ನೋಡಿ, ಪದಗಳು ತಾವೇ ದಪ್ಪಿನ ಲಯಕ್ಕೆ ಬೀಳುತ್ತವೆ.

ಕೊನೆಗೆ ಬರುವ ಕುರ್ತಕೋಟಿ ಕಲ್ಮೇಶನ ಹೆಸರು ಅಂಕಿತ. ಹಾಡು ಯಾವ ಊರಿನ ಮೇಳದ್ದೆಂಬ ಗುರುತು ಅದರಲ್ಲಿದೆ.

ಇದು ದಕ್ಕಿದ ಮೇಲೆ ಫ್ಲೀಟ್ ಸಂಗ್ರಹದ ಸಂಗೊಳ್ಳಿ ರಾಯಣ್ಣನ ಲಾವಣಿಗೆ ಬನ್ನಿ. ಕಿತ್ತೂರಿನ ದತ್ತುಮಗನ ಹಕ್ಕಿಗಾಗಿ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನ ಕಥೆ ಅದು. ಆ ಹೊತ್ತಿಗೆ ಪಲ್ಲ ಎಲ್ಲಿ ಬರುತ್ತದೆಂದು ನಿಮ್ಮ ಕಿವಿಯೇ ಹೇಳುತ್ತದೆ.