ಕಿಟಕಿಯಲ್ಲಿಟ್ಟ ಕಿವಿ

ಪ್ರವಾಸ ಹೋದವರು ಕಂಡದ್ದನ್ನು ಬರೆಯುವುದು ಹಳೆಯ ರೂಢಿ. ಕೇಳಿದ್ದನ್ನು ಬರೆಯುವವರು ಕಡಮೆ. ನಮ್ಮ ಪ್ರವಾಸಕಥನಗಳಲ್ಲಿ ಗೋಪುರಗಳಿವೆ, ಗಿರಿಶಿಖರಗಳಿವೆ, ಊಟೋಪಚಾರದ ವಿವರಗಳೂ ಬೇಕಾದಷ್ಟಿವೆ. ಆ ಊರಿನ ಬೆಳಗು ಕಿವಿಗೆ ಹೇಗಿತ್ತೆಂಬುದು ಮಾತ್ರ ಅಪರೂಪ. ಈ ಕೊರತೆಯನ್ನು ನೆನಪಿಗೆ ತಂದದ್ದು ಫ್ರಾನ್ಸಿನ ಸಂಗೀತಕಾರ ಲ್ಯೂಕ್ ಫೆರಾರಿಯ (೧೯೨೯–೨೦೦೫) ಒಂದು ಧ್ವನಿಕೃತಿ. ಅದರ ಹೆಸರು ‘ಪ್ರೆಸ್ಕ್ ರಿಯಾಂ’. ಕನ್ನಡದಲ್ಲಿ ಹೇಳುವುದಾದರೆ ‘ಹೆಚ್ಚುಕಡಮೆ ಏನೂ ಇಲ್ಲ’.

ಅದನ್ನು ತರಗತಿಯಲ್ಲಿ ಕೇಳಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಂಗೀತ ಎಲ್ಲಿಂದ ಶುರುವಾಗುತ್ತೆ ಸಾರ್?” ಎಂದ. ಕೃತಿ ಆಗಲೇ ಅರ್ಧ ಮುಗಿದಿತ್ತು. ತರಗತಿಯೆಲ್ಲ ನಕ್ಕಿತು, ಆದರೆ ಪ್ರಶ್ನೆ ನಗೆಯದಲ್ಲ.

೧೯೬೮ರಲ್ಲಿ ಫೆರಾರಿ ಅಂದಿನ ಯುಗೊಸ್ಲಾವಿಯದ, ಇಂದಿನ ಕ್ರೊಯೇಷಿಯದ, ಕೊರ್ಚುಲಾ ದ್ವೀಪದ ವೇಲಾ ಲೂಕಾ ಎಂಬ ಕಡಲತಡಿಯ ಊರಿನಲ್ಲಿ ತಂಗಿದ್ದನು. ಕೋಣೆಯ ಕಿಟಕಿಯಲ್ಲಿ ಮೈಕನ್ನಿಟ್ಟು, ದಿನದಿನವೂ ನಸುಕಿನಲ್ಲೆದ್ದು, ಊರು ಎಚ್ಚರಗೊಳ್ಳುವ ಸದ್ದನ್ನು ಟೇಪಿನಲ್ಲಿ ಹಿಡಿದನು. ದಿನವೂ ಮರುಕಳಿಸುವ ಸದ್ದುಗಳಿಗೇ ಅವನು ಬೆಲೆ ಕೊಟ್ಟನು: ದೋಣಿಯ ಎಂಜಿನ್ನು, ಕೋಳಿಯ ಕೂಗು, ಕತ್ತೆಯ ಅರಚು, ಜನರ ಮಾತು, ಬಿಸಿಲೇರಿದಂತೆ ಜೀರುಂಡೆಗಳ ಮೊರೆತ. ೧೯೭೦ರಲ್ಲಿ ಕೃತಿ ಸಿದ್ಧವಾಯಿತು. ಅವಧಿ ಸುಮಾರು ೨೧ ನಿಮಿಷ.

ಸದ್ದನ್ನು ಸಂಗೀತಕ್ಕೆ ಬಳಸಿದವರಲ್ಲಿ ಫೆರಾರಿ ಮೊದಲಿಗನಲ್ಲ. ಪಿಯರ್ ಷೆಫರ್ ೧೯೪೮ರಲ್ಲಿಯೇ ರೈಲಿನ ಸದ್ದುಗಳಿಂದ ಒಂದು ರಚನೆ ಮಾಡಿದ್ದನು. ಆದರೆ ಷೆಫರನ ಮತದಲ್ಲಿ, ಸದ್ದು ಯಾವುದರಿಂದ ಹುಟ್ಟಿತೆಂಬುದನ್ನು ಮರೆತು ಅದರ ನಾದವನ್ನಷ್ಟೇ ಕೇಳಬೇಕು. ಅದೇ ಬಳಗದಲ್ಲಿ ದುಡಿದ ಫೆರಾರಿ ಇದಕ್ಕೆ ಬೆನ್ನು ತಿರುಗಿಸಿದನು. ಅವನಲ್ಲಿ ಕತ್ತೆ ಕತ್ತೆಯಾಗಿಯೇ ಉಳಿಯುತ್ತದೆ.

ಈ ವಿವಾದ ನಮಗೆ ಹೊಸದಲ್ಲ. ಸಂಜೆಯಾಯಿತೆಂದು ಬರಿದೆ ವರದಿಮಾಡುವ ಮಾತನ್ನು ಭಾಮಹನು ಕಾವ್ಯವೆನ್ನಲು ಒಪ್ಪದೆ ‘ವಾರ್ತೆ’ ಎಂದು ಬದಿಗಿಟ್ಟನು. ದಂಡಿಯಾದರೋ ಸ್ವಭಾವೋಕ್ತಿಗೆ ಅಲಂಕಾರಗಳಲ್ಲಿ ಮೊದಲ ಸ್ಥಾನ ಕೊಟ್ಟನು. ಕುಂತಕನು ಅದನ್ನು ಅಲಂಕಾರವೆನ್ನಲಿಲ್ಲ. ವಸ್ತುವಿನ ಸ್ವಭಾವ ಕಾವ್ಯದ ಶರೀರ, ಶರೀರವನ್ನೇ ಒಡವೆಯೆನ್ನುವುದು ಹೇಗೆಂಬುದು ಅವನ ಆಕ್ಷೇಪ. ಆದರೂ ಚೆಲುವಾದ ಸ್ವಭಾವವನ್ನು ಆರಿಸಿ ಮುಂದಿಡುವುದರಲ್ಲಿ ಕವಿಯ ಕೌಶಲವಿದೆಯೆಂದು ಅವನೇ ಒಪ್ಪಿದನು. ಫೆರಾರಿಗೆ ಈ ಕೊನೆಯ ಮಾತು ಚೆನ್ನಾಗಿ ಒಪ್ಪುತ್ತದೆ. ಅವನ ಬೆಳಗು ಯಂತ್ರ ತಾನಾಗಿ ಹಿಡಿದ ಬೆಳಗಲ್ಲ. ಹಲವು ದಿನಗಳ ಹಲವು ಗಂಟೆಗಳು ೨೧ ನಿಮಿಷಕ್ಕೆ ಇಳಿದಿವೆ. ಜೀರುಂಡೆಯ ಸದ್ದು ಮೆಲ್ಲಮೆಲ್ಲನೆ ಏರಿ ಕೊನೆಗೆ ಕಿವಿಯನ್ನೆಲ್ಲ ತುಂಬಿಕೊಳ್ಳುತ್ತದೆ. ಹೊಲಿಗೆ ಕಾಣದಂತೆ ಹೊಲಿದ ಬಟ್ಟೆ ಇದು. ‘ಏನೂ ಇಲ್ಲ’ ಎಂಬ ಹೆಸರಿನಲ್ಲಿ ವಿನಯದಷ್ಟೇ ಜಾಣತನವೂ ಇದೆ.

ನನಗೆ ಒಂದು ಆಕ್ಷೇಪವುಂಟು. ಆ ಕಿಟಕಿಯ ಕೆಳಗೆ ಮಾತನಾಡಿದವರು ಏನನ್ನೋ ಹೇಳುತ್ತಿದ್ದರು. ಆ ಭಾಷೆ ತಿಳಿಯದ ನಮಗೆ ಅವರ ಮಾತು ಕೋಳಿಯ ಕೂಗಿನ ಪಕ್ಕದಲ್ಲಿ ಇನ್ನೊಂದು ಸದ್ದಾಗಿ ನಿಲ್ಲುತ್ತದೆ. ಆ ಊರಿನವನೊಬ್ಬ ಕೇಳಿದರೆ ಅದು ಅವನ ನೆರೆಯವರ ದನಿ, ಇಂದಿಲ್ಲದ ಹಿರಿಯರ ದನಿಯೂ ಆಗಿದ್ದೀತು. ಪರಊರಿನ ಬದುಕು ಪ್ರವಾಸಿಗೆ ಬಹು ಸುಲಭವಾಗಿ ಸಂಗೀತವಾಗಿಬಿಡುತ್ತದೆ. ಅದರ ಕಷ್ಟಸುಖ ಅವನದಲ್ಲವಲ್ಲ! ಆದರೂ ಫೆರಾರಿ ಹಬ್ಬವನ್ನೋ ಮೆರವಣಿಗೆಯನ್ನೋ ಹುಡುಕಿಕೊಂಡು ಹೋಗಲಿಲ್ಲ; ಇದ್ದಲ್ಲಿಯೇ ಇದ್ದು, ಊರವರೇ ಗಮನಿಸದೆ ಬಿಟ್ಟದ್ದನ್ನು ಗಮನಿಸಿದನು. ಈ ಸಂಯಮವೇ ಕೃತಿಯನ್ನು ಕಾಪಾಡಿದೆ.

ಇಂದು ಪ್ರತಿಯೊಬ್ಬರ ಜೇಬಿನ ಮೊಬೈಲಿನಲ್ಲಿಯೂ ದನಿ ಹಿಡಿಯುವ ಸಾಧನವಿದೆ. ಇಲ್ಲದಿರುವುದು ಒಂದೇ ಕಿಟಕಿಯಲ್ಲಿ ದಿನವೂ ಕೂರುವ ತಾಳ್ಮೆ. ಆ ಹುಡುಗನಿಗೆ ಅಂದು ನಾನು ತೃಪ್ತಿಕರವಾದ ಉತ್ತರ ಕೊಡಲಾಗಲಿಲ್ಲ. ಈಗ ಹೇಳುವುದಿಷ್ಟೆ: ಅದೇ ಕೋಳಿಯ ಕೂಗಿಗಾಗಿ ಮರುದಿನವೂ ನಸುಕಿನಲ್ಲಿ ಎದ್ದು ಕಾಯುವ ಮನಸ್ಸು ಬಂದಾಗ ಅದು ಶುರುವಾಗುತ್ತದೆ.